ಸಹಾಯ ಬೇಕು: ಹಳೆ ಜೀಪಿನ ಚಾಸಿಗೆ ತುಕ್ಕು ಹಿಡಿದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಂಬಳೆ ಹತ್ತಿರ, ಕಡಲ ಬದಿಯ ಮನೆ. ಅಣ್ಣ ಉಪ್ಪಳದಲ್ಲಿ ಒಬ್ಬರಿಂದ 2012ರ ಜೀಪು ತಗೊಂಡಿದ್ದಾನೆ. ಇಂಜಿನ್ ಚೆನ್ನಾಗಿದೆ. ಚಿಂತೆ ಚಾಸಿಯದ್ದು, ಅಂದರೆ ಗಾಡಿಯ ಭಾರ ಹೊರುವ ಅಡಿ ಚೌಕಟ್ಟಿನದ್ದು. ಹಿಂದಿನ ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) ಬ್ರಾಕೆಟ್ ಕೂರುವಲ್ಲಿ ಚಾಸಿಯ ಕಬ್ಬಿಣ ಪದರ ಪದರವಾಗಿ ಏಳುತ್ತಿದೆ. ಸ್ಪ್ಯಾನರಿನಲ್ಲಿ ಬಡಿದರೆ ಬೇರೆ ಕಡೆ ಟಣ್ ಅನ್ನುತ್ತದೆ, ಅಲ್ಲಿ ಮಾತ್ರ ಡಬ್ ಅನ್ನುವ ಸದ್ದು. ತೂತು ಬಿದ್ದಿಲ್ಲ.

"ಮೇಲಿಂದ ಕಪ್ಪು ಕೋಟಿಂಗ್ ಹೊಡೆದು ಬಿಡುವ" ಅಂತ ಗ್ಯಾರೇಜಿನಲ್ಲಿ ಹೇಳಿದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ತುಕ್ಕಿನ ಮೇಲೆಯೇ ಬಳಿದರೆ ಉಪ್ಪು, ತೇವ ಒಳಗೇ ಉಳಿದು ಕಣ್ಣಿಗೆ ಕಾಣದ ಹಾಗೆ ತಿನ್ನುತ್ತದಲ್ಲ! ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ವೈರ್ ಬ್ರಷ್‌ನಲ್ಲಿ ಗಟ್ಟಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಉಳಿದ ಕಲೆಗೆ ಫಾಸ್ಫಾರಿಕ್ ಆ್ಯಸಿಡ್ ಇರುವ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರಾವಣ), ಆಮೇಲೆ ಎಪಾಕ್ಸಿ ಪ್ರೈಮರ್ (ಅಡಿ ಬಣ್ಣ), ಕೊನೆಗೆ ಕೋಟಿಂಗ್ ಮಾಡಿಸುವ ಯೋಚನೆ ನನ್ನದು. ನೀರು ಇಳಿಯುವ ತೂತುಗಳನ್ನು ಮುಚ್ಚಿಸುವುದಿಲ್ಲ.

ಗೊತ್ತಿದ್ದವರು ದಯವಿಟ್ಟು ಹೇಳಿ: ಪೆಟ್ಟಿಗೆಯ ಹಾಗಿರುವ ಚಾಸಿಯ ಒಳಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಉದ್ದ ಪೈಪಿನಲ್ಲಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಯುವವರು ಕಾಸರಗೋಡು, ಮಂಗಳೂರು ಕಡೆ ಯಾರಿದ್ದಾರೆ? ಸ್ಯಾಂಡ್ ಬ್ಲಾಸ್ಟಿಂಗ್ (ಮರಳು ಚಿಮ್ಮಿಸಿ ತುಕ್ಕು ತೆಗೆಯುವುದು) ಮಾಡಿಸಿದವರಿದ್ದರೆ ಖರ್ಚು ಎಷ್ಟಾಯಿತು? ಉಜ್ಜಿದ ಮೇಲೆ ಕಬ್ಬಿಣ ತೆಳುವಾಗಿದೆ ಅಂತ ಕಂಡರೆ ಪ್ಲೇಟ್ ಇಟ್ಟು ವೆಲ್ಡ್ ಮಾಡಿಸಿದ ಚಾಸಿಯನ್ನು ನಂಬಬಹುದೇ? ಮುಖ್ಯವಾಗಿ ಇದಕ್ಕೇ ಉತ್ತರ ಬೇಕು. ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಾಡಿ ಇದು. ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕು. ಫೋಟೋ ಕಮೆಂಟಿನಲ್ಲಿ ಹಾಕಿದ್ದೇನೆ.