ಅಪ್‌ಡೇಟ್: ಮಗನ ಗೊರಗೊರ ಉಸಿರಿಗೆ ಕಾರಣ ಜೋಡಿ ಮಹಾಧಮನಿ ಕಮಾನು

ಏಳು ತಿಂಗಳ ನಮ್ಮ ಮಗ ಹುಟ್ಟಿದಾಗಿನಿಂದ ಗೊರಗೊರ ಸದ್ದಿನೊಂದಿಗೆ ಉಸಿರಾಡುತ್ತಾನೆ, ಗಟ್ಟಿ ಆಹಾರ ಕೊಟ್ಟರೆ ಕೆಮ್ಮಿ ಕಕ್ಕುತ್ತಾನೆ ಎಂದು 20 ದಿನಗಳ ಹಿಂದೆ ಬರೆದಿದ್ದೆ. ಹಲವರು ಹೇಳಿದಂತೆ ನೆಬ್ಯುಲೈಸರ್ ಹಿಡಿದದ್ದರಿಂದಾಗಲಿ, ಮಲಗಿಸುವ ಭಂಗಿ ಬದಲಿಸಿದ್ದರಿಂದಾಗಲಿ ಪ್ರಯೋಜನವಾಗಲಿಲ್ಲ. ಇದು ಉಬ್ಬಸವಲ್ಲದಿರಬಹುದು, ಅನ್ನನಾಳವನ್ನು ಹೊರಗಿನಿಂದ ಏನಾದರೂ ಒತ್ತುತ್ತಿದೆಯೇ ನೋಡಿಸಿ ಎಂದಿದ್ದ ಒಬ್ಬರ ಸಲಹೆಯೇ ದಾರಿ ತೋರಿಸಿತು. ಅವರಿಗೆ ನಾವು ಋಣಿಗಳು. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಅನ್ನನಾಳ ಎರಡೂ ಬದಿಯಿಂದ ಅದುಮಿದಂತೆ ಕಂಡಿತು, ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿ.ಟಿ. ಆಂಜಿಯೋಗ್ರಾಮ್ ಕಾರಣವನ್ನು ಖಚಿತಪಡಿಸಿತು.

ಭ್ರೂಣದಲ್ಲಿ ಮಹಾಧಮನಿಗೆ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ರಕ್ತನಾಳ) ಎಡ, ಬಲ ಎರಡೂ ಕಮಾನುಗಳಿದ್ದು, ಸಾಮಾನ್ಯವಾಗಿ ಬಲಗಡೆಯದು ಕರಗಿಹೋಗುತ್ತದೆಯಂತೆ. ಇವನಲ್ಲಿ ಎರಡೂ ಉಳಿದು, ಶ್ವಾಸನಾಳ ಮತ್ತು ಅನ್ನನಾಳಗಳನ್ನು ಉಂಗುರದಂತೆ ಬಿಗಿದಿದ್ದವು. ಹೃದಯದಲ್ಲಿ ಬೇರೆ ದೋಷವಿಲ್ಲದ ಕಾರಣ ಸ್ಟೆತಸ್ಕೋಪಿಗೆ ಏನೂ ಸಿಕ್ಕಿರಲಿಲ್ಲ.

ಕಳೆದ ವಾರ ಎಡಪಕ್ಕೆಯ ಮೂಲಕ, ಹೃದಯವನ್ನು ನಿಲ್ಲಿಸದೆಯೇ, ಕಿರಿದಾಗಿದ್ದ ಎಡ ಕಮಾನನ್ನು ಕತ್ತರಿಸಿ ಉಂಗುರವನ್ನು ಬಿಡಿಸಿದರು. ಬಾಸ್ಟನ್ನಿನ ರಾಬರ್ಟ್ ಗ್ರಾಸ್ 1945ರಲ್ಲೇ ಇಂಥ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದ್ದರೆಂದು ತಿಳಿದಾಗ ನನ್ನ ಹೆದರಿಕೆ ಅರ್ಧ ಇಳಿದಿತ್ತು. ಕೆಲವು ಮಕ್ಕಳಲ್ಲಿ ಈ ದೋಷದ ಜೊತೆ 22ನೇ ವರ್ಣತಂತುವಿನ ತುಣುಕೊಂದು ಇಲ್ಲದಿರುವುದರಿಂದ, ಆ ಪರೀಕ್ಷೆಗೂ ರಕ್ತ ಕೊಟ್ಟಿದ್ದೇವೆ.

ಉಸಿರಿನ ಸದ್ದು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಒತ್ತಡದಿಂದ ಮೆತ್ತಗಾದ ಶ್ವಾಸನಾಳ ಗಟ್ಟಿಯಾಗಲು ತಿಂಗಳುಗಳೇ ಬೇಕಂತೆ. ನಿನ್ನೆ ರಾಗಿ ಸರಿಯನ್ನು ಕೆಮ್ಮದೆ ನುಂಗಿದ.