ವಾರಾಂತ್ಯಕ್ಕೆ ಎನ್‌ಬಿಎ ಪ್ಲೇಆಫ್ ನೋಡುವುದು, ಅಂಗಳದಲ್ಲಿ ಒಂದು ರಿಂಗ್ ಹಾಕುವುದು: ಗೊತ್ತಿದ್ದವರು ಹೇಳಿ

ಪೆರ್ಲದಿಂದ ಪ್ರಶ್ನೆ:
ನಮ್ಮ ಯುವಕ ಸಂಘದ ಹತ್ತು ಹದಿನೈದು ಜನಕ್ಕೆ ಬಾಸ್ಕೆಟ್‌ಬಾಲ್ ಹುಚ್ಚು. ಏಪ್ರಿಲ್ ಮಧ್ಯದಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್, ಅಂದರೆ ನಾಕೌಟ್ ಸುತ್ತುಗಳು, ಶುರುವಾಗುತ್ತದೆ. ಶನಿವಾರ, ಆದಿತ್ಯವಾರ ಒಟ್ಟಿಗೆ ಕೂತು ನೋಡಬೇಕು, ಸಂಜೆ ಸ್ವಲ್ಪ ಆಡಲೂಬೇಕು ಅಂತ ಆಸೆ. ಯಾವ ಮ್ಯಾಚ್ ಆರಿಸುವುದು, ಕರೆಂಟು ಹೋದರೆ ಎಂತ ಮಾಡುವುದು, ಅಂಗಳದಲ್ಲಿ ರಿಂಗ್ ಹಾಕುವ ಅಳತೆ ಯಾವುದು? ವಿವರವಾಗಿ ಬರೆಯಿರಿ.

ಬದಿಯಡ್ಕದಿಂದ:
ಮೊದಲು ಗಡಿಯಾರದ ಲೆಕ್ಕ. ಪ್ಲೇಆಫ್ ನಡೆಯುವ ತಿಂಗಳುಗಳಲ್ಲಿ ನಾವು ನ್ಯೂಯಾರ್ಕ್‌ಗಿಂತ ಒಂಬತ್ತೂವರೆ ಗಂಟೆ ಮುಂದೆ. ಅಲ್ಲಿ ಶುಕ್ರವಾರ ರಾತ್ರಿ 7.30ರ ಆಟ ನಮಗೆ ಶನಿವಾರ ಬೆಳಗ್ಗೆ 5.00. ಅಲ್ಲಿ ರಾತ್ರಿ 10ಕ್ಕೆ ಶುರುವಾಗುವ ಪಶ್ಚಿಮ ಕರಾವಳಿಯ ಆಟ ನಮಗೆ 7.30. ಎಲ್ಲರೂ ಎಡವುವುದು ವಾರದ ಹೆಸರಿನಲ್ಲಿ: ಪಟ್ಟಿಯಲ್ಲಿ "ಆದಿತ್ಯವಾರ ರಾತ್ರಿ" ಅಂತ ಇದ್ದರೆ ಅದು ನಮ್ಮ ಸೋಮವಾರ ಬೆಳಗ್ಗೆ, ಕೆಲಸದ ದಿನ.

ವಾರಾಂತ್ಯಕ್ಕೆ ಅತ್ಯಂತ ಒದಗುವುದು ಮೊದಲ ಎರಡು ಸುತ್ತು. ಆಗ ಅಲ್ಲಿನ ಶನಿವಾರ, ಆದಿತ್ಯವಾರ ಮಧ್ಯಾಹ್ನವೂ ಆಟ ಇರುತ್ತದೆ. ಅಲ್ಲಿ ಮಧ್ಯಾಹ್ನ 1 ಗಂಟೆ ಅಂದರೆ ನಮಗೆ ಅದೇ ದಿನ ರಾತ್ರಿ 10.30. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬಯಲಾಟ ನಿಲ್ಲುವ ದಿನ) ತನಕ ಶನಿವಾರ ರಾತ್ರಿ ಎಲ್ಲಾದರೂ ಬಯಲಾಟ ಇದ್ದೇ ಇರುತ್ತದೆ, ಅರ್ಧ ಜನ ಆ ಕಡೆ ಹೋಗುತ್ತಾರೆ. ಹಾಗಾಗಿ ಶನಿವಾರ ಬೆಳಗ್ಗಿನದ್ದೇ ಗಟ್ಟಿ ಹಿಡಿಯಿರಿ.

ಫೈನಲ್ಸ್, ಅಂದರೆ ಏಳು ಆಟದ ಕೊನೆಯ ಸರಣಿಯ ಬಗ್ಗೆ ದೊಡ್ಡ ಆಸೆ ಬೇಡ. 2025ರಲ್ಲಿ ಒಕ್ಲಹೋಮಾ ಸಿಟಿ ಥಂಡರ್ ಮತ್ತು ಇಂಡಿಯಾನಾ ಪೇಸರ್ಸ್ ಏಳೂ ಆಟ ಆಡಿದರು. ಅದರಲ್ಲಿ ನಮ್ಮ ಶನಿವಾರಕ್ಕೆ ಬಿದ್ದದ್ದು ನಾಲ್ಕನೆಯದ್ದು ಮಾತ್ರ, ಜೂನ್ 14ರ ಬೆಳಗ್ಗೆ 6ಕ್ಕೆ. ಏಳನೆಯದ್ದು ಸೋಮವಾರ ಬೆಳಗ್ಗೆ 5.30. ಅಂಥದ್ದಕ್ಕೆ ಎನ್‌ಬಿಎ ಆಟ ನೋಡುವ ಚಂದಾ ಸೇವೆಯಾದ ಲೀಗ್ ಪಾಸ್ ಆ್ಯಪ್‌ನಲ್ಲಿ ಸ್ಕೋರ್ ಅಡಗಿಸುವ ಆಯ್ಕೆ ಹಾಕಿ, ಸಂಜೆ ಮರುಪ್ರಸಾರ ನೋಡಿ. ವಾಟ್ಸಾಪ್ ಗ್ರೂಪನ್ನು ಅಷ್ಟು ಹೊತ್ತು ಮ್ಯೂಟ್ ಮಾಡದಿದ್ದರೆ ಸ್ಕೋರ್ ಅಡಗಿಸಿ ಎಂತ ಪ್ರಯೋಜನವೂ ಇಲ್ಲ.

ಮುಳ್ಳೇರಿಯದಿಂದ:
ಕರೆಂಟಿನ ಲೆಕ್ಕ ನಾನು ಹೇಳುತ್ತೇನೆ. ಆಟ 48 ನಿಮಿಷದ್ದಾದರೂ ಟೈಮ್‌ಔಟ್, ಜಾಹೀರಾತು, 15 ನಿಮಿಷದ ಮಧ್ಯಂತರ ಎಲ್ಲ ಸೇರಿ ಎರಡೂವರೆ ಗಂಟೆ ಹಿಡಿಯಿರಿ. ಏಪ್ರಿಲ್, ಮೇಯಲ್ಲಿ ಗುಡುಗು ಮಳೆ ಬಂದರೆ ಕರೆಂಟು ಹೋಗದೆ ಇರುವುದಿಲ್ಲ.

12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಗಂಟೆ ಉಂಟು. ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇನ್ವರ್ಟರಿನಲ್ಲೂ ಸ್ವಲ್ಪ ಸೋರುತ್ತದೆ, ಕೈಗೆ ಸಿಗುವುದು ಸುಮಾರು 750. ಪ್ರೊಜೆಕ್ಟರ್ 250, ಎರಡು ಫ್ಯಾನ್ 150, ಸ್ಪೀಕರ್ ಮತ್ತು ರೂಟರ್ 50 ಸೇರಿದರೆ 450 ವ್ಯಾಟ್. ಒಂದು ಗಂಟೆ ನಲ್ವತ್ತು ನಿಮಿಷಕ್ಕೆ ಮುಗಿಯಿತು, ಸರಿಯಾಗಿ ಕೊನೆಯ ಕ್ವಾರ್ಟರಿನ ಹೊತ್ತಿಗೆ. ಬದಲಿಗೆ 43 ಇಂಚಿನ ಎಲ್‌ಇಡಿ ಟಿವಿ 90, ಒಂದು ಫ್ಯಾನ್ 75, ರೂಟರ್ ಇತ್ಯಾದಿ 25. ಒಟ್ಟು 190, ನಾಲ್ಕು ಗಂಟೆ ಹತ್ತಿರ ಎಳೆಯುತ್ತದೆ. ಓವರ್‌ಟೈಮ್ ಬಂದರೂ ಹೆದರಿಕೆ ಇಲ್ಲ.

ಮೊಬೈಲ್ ಡೇಟಾ ನಂಬಬೇಡಿ. ಒಳ್ಳೆಯ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿ ತನಕ ಹೋಗುತ್ತದೆ, ದಿನಕ್ಕೆ 2 ಜಿಬಿಯ ಪ್ಲಾನ್ ಮಧ್ಯಂತರದ ಒಳಗೇ ಖಾಲಿ. ಫೈಬರ್ ಇದ್ದರೆ ಆ ಪೆಟ್ಟಿಗೆಯನ್ನೂ ಇನ್ವರ್ಟರಿಗೇ ಕೊಡಿ. ಸಿಡಿಲು ಹತ್ತಿರ ಬಂತೆಂದರೆ ಆಟ ಎಷ್ಟೇ ಬಿಸಿಯಲ್ಲಿರಲಿ, ಎಲ್ಲ ಪ್ಲಗ್ ಕಿತ್ತುಬಿಡಿ. ಫೈಬರ್ ಎಳೆಯಲ್ಲಿ ಮಿಂಚು ಬರುವುದಿಲ್ಲ ನಿಜ, ಆದರೆ ಕರೆಂಟಿನ ವಯರಿನಲ್ಲಿ ಬರುತ್ತದೆ.

ಉಪ್ಪಳದಿಂದ:
ಹದಿನೈದು ಜನಕ್ಕೆ 43 ಇಂಚು ಸಾಲುವುದಿಲ್ಲ ಮಾರಾಯ್ರೆ, ಹಿಂದಿನ ಸಾಲಿನವರಿಗೆ ಶಾಟ್ ಕ್ಲಾಕ್ (ಚೆಂಡು ಎಸೆಯಲು ಉಳಿದ ಸೆಕೆಂಡ್ ತೋರಿಸುವ ಗಡಿಯಾರ) ಕಾಣುವುದಿಲ್ಲ. 55 ಇಂಚಿನದ್ದು ಬಾಡಿಗೆಗೆ ಸಿಕ್ಕಿದರೆ ತನ್ನಿ. ಪ್ರೊಜೆಕ್ಟರ್ ಹೇಗೂ ಬೇಡ, ಬೆಳಗ್ಗೆ ಆರೂವರೆಗೆ ಬೆಳಕು ಒಳಗೆ ಬಂದರೆ ಪರದೆ ಬಿಳಿಚಿಕೊಳ್ಳುತ್ತದೆ. ಸ್ಪೀಕರನ್ನು ಹೊರಗೆ ಇಡಬೇಡಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕಬಾರದೆಂಬ ಕಾನೂನು ಉಂಟು, ನೆರೆಮನೆಯವರ ಬೈಗಳು ಬೇರೆ.

ಸಜ್ಜಿಗೆ ಬಜಿಲ್ ಮಧ್ಯಂತರಕ್ಕೇ ಬಡಿಸಿ. ಮೊದಲೇ ಬಡಿಸಿದರೆ ಎರಡನೇ ಕ್ವಾರ್ಟರಿನಲ್ಲಿ ಅರ್ಧ ಜನ ಕೈತೊಳೆಯಲು ಎದ್ದಿರುತ್ತಾರೆ.

ನೀರ್ಚಾಲಿನಿಂದ:
ರಿಂಗಿನ ವಿಷಯ. ಅಡಿಕೆ ಒಣಗುವ ಅಂಗಳದ ನಡುವೆ ಹಾಕುವ ಯೋಚನೆ ಬಿಡಿ. ಬಿಸಿಲು ಇರುವಷ್ಟು ದಿನ ಅಡಿಕೆ ಅಲ್ಲೇ ಇರುತ್ತದೆ, ಅಡಿಕೆ ತೆಗೆದ ಮೇಲೆ ಮಳೆ. ಬದಿಯ ಜಾಗ ಸಮತಟ್ಟು ಮಾಡಿಕೊಳ್ಳಿ.

ನಾಲ್ಕು ಇಂಚಿನ ಜಿಐ ಪೈಪು 6 ಮೀಟರಿನ ಉದ್ದದಲ್ಲಿ ಬರುತ್ತದೆ. 4.5 ಮೀಟರ್ ಕಂಬಕ್ಕೆ, ಅದರಲ್ಲಿ 90 ಸೆಂ.ಮೀ. ನೆಲದೊಳಗೆ. ಉಳಿದ ಒಂದೂವರೆ ಮೀಟರಿನಲ್ಲಿ 60 ಸೆಂ.ಮೀ.ನ ಅಡ್ಡ ತೋಳು, 85 ಸೆಂ.ಮೀ.ನ ಓರೆ ಆಸರೆ. ಹಾಗೆ ಬೋರ್ಡು ಕಂಬದಿಂದ ಮುಂದೆ ಬರುತ್ತದೆ, ಲೇಅಪ್ (ಓಡಿಬಂದು ರಿಂಗಿನ ಹತ್ತಿರದಿಂದ ಹಾಕುವ ಶಾಟ್) ಹಾಕಿದವ ಕಂಬಕ್ಕೆ ಹೊಡೆದುಕೊಳ್ಳುವುದು ತಪ್ಪುತ್ತದೆ. ಆದರೂ ಕಂಬಕ್ಕೆ ಎರಡು ಮೀಟರ್ ಎತ್ತರದ ತನಕ ಫೋಮ್ ಸುತ್ತಿ. ಹೊಂಡ 60 ಸೆಂ.ಮೀ. ಚೌಕ. ಮುರಕಲ್ಲಿನ ನೆಲವಾದರೆ 90 ಸೆಂ.ಮೀ. ಆಳ ಧಾರಾಳ, ಮಣ್ಣು ತುಂಬಿಸಿದ ಜಾಗವಾದರೆ 120 ಬೇಕು, ಆಗ ಕಂಬವನ್ನೂ 30 ಸೆಂ.ಮೀ. ಉದ್ದ ಇಟ್ಟುಕೊಳ್ಳಿ (ಉಳಿಯುವ 1.2 ಮೀಟರ್ ತೋಳಿಗೂ ಆಸರೆಗೂ ಸಾಲದು, ಬೇರೆ ತುಂಡು ಬೇಕು). ಕಾಂಕ್ರೀಟು 1:2:4, ಏಳು ದಿನ ನೀರು ಹಾಕಿ, ಆಮೇಲೆಯೇ ಬೋರ್ಡು ಏರಿಸಿ. ಬುಡದ ಕಾಂಕ್ರೀಟಿಗೆ ಹೊರಗೆ ಇಳಿಜಾರು ಕೊಡಿ, ಪೈಪಿನ ತಲೆ ಮುಚ್ಚಿ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ನಮ್ಮ ಮಳೆಗೆ ಪೈಪಿನೊಳಗೆ ನೀರು ನಿಂತು ನೆಲಮಟ್ಟದಲ್ಲೇ ತುಕ್ಕು ತಿನ್ನುತ್ತದೆ.

ಬೋರ್ಡು 180 × 105 ಸೆಂ.ಮೀ., ನೀರು ತಡೆಯುವ ಮರೀನ್ ಪ್ಲೈ, 19 ಮಿ.ಮೀ. ಎಂಟಕ್ಕೆ ನಾಲ್ಕಡಿಯ ಒಂದು ಹಾಳೆಯಲ್ಲಿ ಆಗುತ್ತದೆ. ಪ್ಲೈ ಹಾಳಾಗುವುದು ಮುಖದಿಂದಲ್ಲ, ಅಂಚಿನಿಂದ. ಕತ್ತರಿಸಿದ ಅಂಚಿಗೆ ಮೂರು ಕೋಟು ಬಣ್ಣ ಹೊಡೆಯಿರಿ. ಬೋರ್ಡಿನ ಕೆಳ ಅಂಚು ನೆಲದಿಂದ 2.90 ಮೀಟರ್, ರಿಂಗ್ 3.05. ಈ ಅಳತೆ ರಿಂಗಿನ ನೇರ ಕೆಳಗಿನ ನೆಲದಿಂದ. ಮುಂದೆ ಮೂರು ಇಂಚು ಕಾಂಕ್ರೀಟು ಹಾಕುವ ಯೋಚನೆ ಇದ್ದರೆ ಈಗಲೇ ಅಷ್ಟು ಸೇರಿಸಿ.

ರಿಂಗಿನ ಒಳವ್ಯಾಸ 45 ಸೆಂ.ಮೀ., ಬೋರ್ಡಿನಿಂದ ಒಳ ಅಂಚಿಗೆ 15. ಊರಿನ ವೆಲ್ಡರ್ ಸಾಮಾನ್ಯವಾಗಿ ರಿಂಗನ್ನು ಪ್ಲೈಗೇ ಸ್ಕ್ರೂ ಮಾಡಿಬಿಡುತ್ತಾನೆ. ಒಬ್ಬ ನೇತಾಡಿದರೆ ಪ್ಲೈ ಸೀಳಿಹೋಗುತ್ತದೆ. ನಾಲ್ಕು ಬೋಲ್ಟು ಪ್ಲೈಯನ್ನು ತೂರಿ ಹಿಂದಿನ ಕಬ್ಬಿಣದ ಚೌಕಟ್ಟಿಗೆ ಬಿಗಿಯಬೇಕು, ಭಾರ ಪ್ಲೈಗೆ ತಾಗಲೇಬಾರದು. ಬಲೆಯ 12 ಕೊಕ್ಕೆಗಳಲ್ಲಿ 8 ಮಿ.ಮೀ.ಗಿಂತ ದೊಡ್ಡ ತೆರಪು ಬಿಟ್ಟರೆ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ.

ಮಂಜೇಶ್ವರದಿಂದ:
ಜಾಗ ಸಣ್ಣದಾದರೆ 3×3 ಆಡಿ. ಪೂರ್ತಿ ಅಳತೆ 15 ಮೀಟರ್ ಅಗಲ, 11 ಮೀಟರ್ ಉದ್ದ. ತಂಡಕ್ಕೆ ಮೂವರು, ಬದಲಿ ಒಬ್ಬ. ರಿಂಗಿನಿಂದ 6.75 ಮೀಟರ್ ದೂರದ ಕಮಾನು ಗೆರೆಯ ಒಳಗಿನಿಂದ 1 ಅಂಕ, ಹೊರಗಿನಿಂದ 2. ಹತ್ತು ನಿಮಿಷ ಅಥವಾ ಮೊದಲು 21 ಮಾಡಿದವರು ಗೆದ್ದಂತೆ. ಶಾಟ್‌ಗೆ 12 ಸೆಕೆಂಡ್. ಎದುರಾಳಿಯ ತಪ್ಪಿದ ಚೆಂಡು ಹಿಡಿದರೆ ಒಮ್ಮೆ ಗೆರೆಯ ಹೊರಗೆ ಕೊಂಡುಹೋಗಲೇಬೇಕು. ಹೊಸಬರು ಇದನ್ನೇ ಮರೆತು ಜಗಳ ಮಾಡುವುದು. 6.75 ಮೀಟರಿನ ಗೆರೆಗೆ ಜಾಗ ಸಾಲದಿದ್ದರೆ ಬೋರ್ಡಿನಿಂದ 4.60 ಮೀಟರಿನ ಫ್ರೀಥ್ರೋ ಗೆರೆಯನ್ನೇ ಎರಡಂಕದ ಗೆರೆ ಮಾಡಿಕೊಳ್ಳಿ.

ಚೆಂಡು 7ನೇ ನಂಬ್ರದ್ದು, ರಬ್ಬರಿನದ್ದು. ಚರ್ಮದ್ದು ಮುರಕಲ್ಲಿನ ನೆಲದಲ್ಲಿ ತರಿದುಹೋಗುತ್ತದೆ. ಸೂಜಿಯನ್ನು ಒದ್ದೆ ಮಾಡಿ ಚುಚ್ಚಿ, ಒಣ ಸೂಜಿ ವಾಲ್ವನ್ನು ಹರಿಯುತ್ತದೆ. ಜೂನಿನಲ್ಲಿ ಸಿಮೆಂಟು ನೆಲಕ್ಕೆ ಹಾವಸೆ ಹಿಡಿದರೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ ಮೇಲೆಯೇ ಆಟ.

ಬದಿಯಡ್ಕದಿಂದ ಮತ್ತೆ:
ಒಂದು ಬಿಟ್ಟುಹೋಯಿತು. ಸರಣಿ ಏಳು ಆಟದ್ದು, ನಾಲ್ಕು ಗೆದ್ದವರು ಮುಂದಕ್ಕೆ. 3-0 ಆದ ಸರಣಿಗೆ ಜನ ಕರೆಯಬೇಡಿ, ಎನ್‌ಬಿಎಯಲ್ಲಿ ಅಲ್ಲಿಂದ ತಿರುಗಿ ಗೆದ್ದ ತಂಡವೇ ಇಲ್ಲ. 2023ರಲ್ಲಿ ಬಾಸ್ಟನ್ 3-3 ಮಾಡಿಯೂ ಏಳನೆಯದ್ದರಲ್ಲಿ ಮಯಾಮಿಗೆ ಸೋತಿತು. 3-1 ಆದರೆ ನೋಡಿ, 2016ರ ಫೈನಲ್ಸಿನಲ್ಲಿ ಕ್ಲೀವ್‌ಲ್ಯಾಂಡ್ ಅಲ್ಲಿಂದಲೇ ಗೆದ್ದದ್ದು. ಐದರಿಂದ ಏಳನೇ ಆಟದ ದಿನಾಂಕಗಳು ಪಟ್ಟಿಯಲ್ಲಿ "ಬೇಕಾದರೆ" ಎಂದೇ ಇರುತ್ತವೆ. ನಾಲ್ಕನೆಯದ್ದು ಮುಗಿಯುವ ತನಕ ಟಿವಿ ಬಾಡಿಗೆಗೆ ಮುಂಗಡ ಕೊಡಬೇಡಿ.