ತಲಾತ್ ಪಾಷಾಗೆ ಗಲ್ಲು ಬರೆದಿದ್ದು ಅವರದೇ ಕೋರ್ಟು, ಆದ್ರೂ ಅರ್ಮೇನಿಯನ್ನರ ನರಮೇಧನ ಟರ್ಕಿ ಯಾಕೆ ಒಪ್ಪಲ್ಲ?

ಕಾವೇರಿತೀರ: 1915ರಲ್ಲಿ ಟರ್ಕಿನ ಆಳ್ತಿದ್ದ ಒಟ್ಟೋಮನ್ ಸರ್ಕಾರ ಅಲ್ಲಿನ ಅರ್ಮೇನಿಯನ್ನರನ್ನ ಊರೂರಿಂದ ಎಬ್ಬಿಸಿ ಸಿರಿಯಾ ಮರಳುಗಾಡಿನ ಕಡೆ ಅಟ್ಟಿತು, ಲಕ್ಷಾಂತರ ಜನ ಸತ್ರು. ಈ ನರಮೇಧಕ್ಕೆ 1919ರಲ್ಲಿ ಇಸ್ತಾಂಬುಲ್‌ನ ಮಿಲಿಟರಿ ಕೋರ್ಟೇ 1915ರಲ್ಲಿ ಗೃಹಮಂತ್ರಿಯಾಗಿದ್ದು ಆಮೇಲೆ ತಲೆಮರೆಸಿಕೊಂಡಿದ್ದ ತಲಾತ್ ಪಾಷಾಗೆ ಮರಣದಂಡನೆ ಕೊಡ್ತು. ಮತ್ತೆ ಈಗ್ಯಾಕೆ ಒಪ್ಪಲ್ಲ? ನನ್ನ ಪ್ರಕಾರ ಆಸ್ತಿ. ಅವ್ರ ಮನೆ, ಹೊಲ, ಅಂಗಡಿನೆಲ್ಲ 'ಬಿಟ್ಟುಹೋದ ಆಸ್ತಿ' ಅಂತ ಕಾನೂನು ಮಾಡಿ ಹಂಚಿದ್ರು. ಒಪ್ಕೊಂಡ್ರೆ ವಾಪಸ್ ಕೊಡಿ ಅಂತ ಮೊಮ್ಮಕ್ಕಳು ಬರ್ತಾರೆ.

ಹಳೇಪೇಟೆ: ಮಿಲಿಟರಿ ಕೋರ್ಟಾ? ಆಗ ಇಸ್ತಾಂಬುಲ್‌ನಲ್ಲಿ ಬ್ರಿಟಿಷ್ ಸೈನ್ಯ ಕೂತಿತ್ತು ಸ್ವಾಮಿ. ಗೆದ್ದೋರನ್ನ ಮೆಚ್ಚಿಸೋಕೆ ಕೊಟ್ಟ ತೀರ್ಪದು. ಪೂರ್ವದ ವಾನ್ ಊರಲ್ಲಿ ಅರ್ಮೇನಿಯನ್ನರು ಬಂಡೆದ್ದಿದ್ದು, ರಷ್ಯನ್ನರು ಒಳಗೆ ಬಂದಿದ್ದು ಯಾಕೆ ಬರೆಯಲ್ಲ? ಯುದ್ಧದಲ್ಲಿ ಎರಡೂ ಕಡೆ ಸಾಯ್ತಾರೆ.

ಗದಗಿನ ಮಲ್ಲಣ್ಣ: "ಎರಡೂ ಕಡೆ" ಅಂತೀರಲ್ರೀ, ವಾನ್‌ದಾಗ ಬಂಡಾಯ ಆದ್ರ ಪಶ್ಚಿಮದ ಬುರ್ಸಾದಾಗಿನ ಹೆಣ್ಮಕ್ಕಳು, ಸಣ್ಣ ಹುಡುಗ್ರು ಏನ್ ಮಾಡಿದ್ರು? ಅಲ್ಲಿಂದ ರಷ್ಯಾ ಗಡಿ ಎಷ್ಟ್ ದೂರ ಐತಿ, ನಕಾಶಿ ತಗದ್ ನೋಡ್ರಿ.

ಪದಜೀವಿ: ನರಮೇಧ ಅನ್ನೋ ಪದಾನೇ ತಪ್ಪು. ಅಶ್ವಮೇಧದ ಥರ ಅದು ಯಜ್ಞದ ಹೆಸರು. ಜನಾಂಗಹತ್ಯೆ ಅನ್ನಿ.

ಕಾವೇರಿತೀರ: ಪೇಪರ್‌ನಲ್ಲೂ ನರಮೇಧ ಅಂತಾನೇ ಬರೀತಾರಲ್ಲ?

ಪದಜೀವಿ: ಪೇಪರ್‌ನೋರು ಬರೆದಿದ್ದೆಲ್ಲ ಸರಿನಾ? ನರಮೇಧ ಅಂದ್ರೆ ತುಂಬಾ ಜನರನ್ನ ಕೊಂದ್ರು ಅಂತಷ್ಟೇ. ಜನಾಂಗಹತ್ಯೆ ಅಂದ್ರೆ ಆ ಜನಾನೇ ಇರಬಾರ್ದು ಅನ್ನೋ ಉದ್ದೇಶ ಇತ್ತು ಅಂತ. ಟರ್ಕಿ ತಕರಾರೂ ಇದೇ. ಸತ್ತಿದ್ದನ್ನ ಅವ್ರು ಇಲ್ಲ ಅನ್ನಲ್ಲ, 2014ರಲ್ಲಿ ಟರ್ಕಿ ಪ್ರಧಾನಿಯಾಗಿದ್ದ ಎರ್ಡೊಗಾನ್ ಸಂತಾಪಾನೂ ಹೇಳಿದ್ರು, ಉದ್ದೇಶ ಮಾತ್ರ ಒಪ್ಪಲ್ಲ. ನೀವು ನರಮೇಧ ಅಂದ್ರೆ ಅವ್ರಿಗೇ ಅನುಕೂಲ.

ಹಳೇಪೇಟೆ: ಲೆಮ್ಕಿನ್ ಅನ್ನೋ ವಕೀಲ ಜನಾಂಗಹತ್ಯೆಗೆ 'ಜಿನೊಸೈಡ್' ಅನ್ನೋ ಇಂಗ್ಲಿಷ್ ಪದ ಕಟ್ಟಿದ್ದು 1944ರಲ್ಲಿ. ಅದನ್ನ 1915ಕ್ಕೆ ಅಂಟಿಸ್ತೀರಾ?

ಪದಜೀವಿ: ಅರ್ಮೇನಿಯನ್ನರ ಕಥೆ ಲೆಮ್ಕಿನ್‌ನ ಕಾಡಿತ್ತು, ಅದನ್ನ ಅವ್ರೇ ಹೇಳಿದಾರೆ. ಕಾಯಿಲೆಗೆ ಹೆಸರಿಡೋ ಮುಂಚೆ ಸತ್ತೋರು ಆ ಕಾಯಿಲೆಯಿಂದ ಸತ್ತಿಲ್ವಾ?

ಹಳೇಪೇಟೆ: ಕಾನೂನು ಬೇರೆ, ಕಾಯಿಲೆ ಬೇರೆ.

ಗದಗಿನ ಮಲ್ಲಣ್ಣ: ಪದದ ಜಗಳ ಸಾಕ್ ಮಾಡ್ರಪಾ, ಹೊಟ್ಟಿ ಉರೀತೈತಿ. ಹ್ರಾಂಟ್ ಡಿಂಕ್ ಅನ್ನೋ ಅರ್ಮೇನಿಯನ್ ಪತ್ರಕರ್ತಗ 'ಟರ್ಕಿತನಕ್ಕ ಅವಮಾನ' ಅಂತ 2005ರಾಗ ಶಿಕ್ಷಾ ಕೊಟ್ರು, 2007ರ ಜನವರಿ 19ಕ್ಕ ಇಸ್ತಾಂಬುಲ್‌ದಾಗ ಅವನ ಪೇಪರ್ ಆಫೀಸಿನ ಮುಂದನ ಗುಂಡ್ ಹೊಡದ್ರು. ಫುಟ್‌ಪಾತ್ ಮ್ಯಾಲ ಬೋರಲ ಬಿದ್ದಾನ, ಬಿಳಿ ಬಟ್ಟಿ ಹೊಚ್ಚ್ಯಾರ, ಹೊರಗ ಕಾಣೂ ಬೂಟಿನ ತಳಕ್ಕ ತೂತ್ ಬಿದ್ದೈತಿ. ಆ ಫೋಟೋ ನೋಡಿ ಬರ್ರಿ, ಆಮ್ಯಾಲ 1944 ಅನ್ರಿ.

ಹಳೇಪೇಟೆ: ಗುಂಡು ಹೊಡೆದವನು 17 ವರ್ಷದ ಹುಡುಗ, ಸರ್ಕಾರ ಅಲ್ಲ. ಜಲಿಯನ್‌ವಾಲಾ ಬಾಗ್‌ಗೆ 2019ರಲ್ಲಿ ಬ್ರಿಟನ್ ಪ್ರಧಾನಿ ವಿಷಾದ ಅಂದ್ರೇ ಹೊರತು ಕ್ಷಮೆ ಕೇಳಲಿಲ್ಲ. ಅವ್ರನ್ನ ಕೇಳಿ ಮೊದ್ಲು.

ಕಾವೇರಿತೀರ: "ಸರ್ಕಾರ ಅಲ್ಲ" ಅಂತೀರಾ? ಬೊಗಜ್‌ಲಿಯಾನ್ ತಾಲೂಕಿನ ಅಧಿಕಾರಿ ಕೆಮಾಲ್‌ನ ಇದೇ ಕೊಲೆಗಳಿಗೆ 1919ರಲ್ಲಿ ಗಲ್ಲಿಗೇರಿಸಿದ್ರು, 1922ರಲ್ಲಿ ಅಂಕಾರಾದ ಹೊಸ ಟರ್ಕಿ ಸಂಸತ್ತು ಅವ್ನನ್ನ ಹುತಾತ್ಮ ಅಂತು. 1943ರಲ್ಲಿ ತಲಾತ್ ಅಸ್ಥಿನ ಬರ್ಲಿನ್‌ನಿಂದ ತರಿಸಿ ಇಸ್ತಾಂಬುಲ್‌ನಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿದ್ರು. ಇದೆಲ್ಲ ಸರ್ಕಾರಾನೇ ಮಾಡಿದ್ದು.

ಹಳೇಪೇಟೆ: ಶುರುವಲ್ಲಿ ಆಸ್ತಿ ಅಂದ್ರಿ, ಈಗ ಹುತಾತ್ಮ ಅಂತಿದೀರಿ. ಒಂದು ಕಾರಣ ಹಿಡ್ಕೊಳ್ಳಿ.

ಕಾವೇರಿತೀರ: ಎರಡೂ ಒಂದೇ ಕಾರಣ ರೀ, ಆ ಮನೆಗಳನ್ನ ಹಂಚಿದ್ದು ಯಾರು?

ಪದಜೀವಿ: ಮೊದಲನೇ ಪೋಸ್ಟ್‌ನಲ್ಲಿ ಇನ್ನೂ ನರಮೇಧ ಅಂತಾನೇ ಇದೆ. ತಿದ್ದಿ.